ನಾಚುವ ಹುಡುಗನಿಗೆ ಮಾವನ ಅಪ್ಪಣೆ

ಈ ತಿಂಗಳು ನಮ್ಮ ಮಂಗಳೂರಿನ ಸೋದರಮಾವಂದಿರೆಲ್ಲ ಒಬ್ಬ ಕಾದಂಬರಿಕಾರರ ಮೇಲೆ ಹಲ್ಲು ಕಡಿಯುತ್ತಿದ್ದಾರೆ. ನಾನೂ ಕಡಿದೆ.

ಕಾದಂಬರಿಯ ನಾಯಕ ಹದಿನಾರರ ಹುಡುಗ. ಮಹಾ ನಾಚಿಕೆಯವನು. ಇನ್ನೊಂದು ತುಂಡು ಮೀನು ಬೇಕೆಂದು ಮಾವನ ಎದುರು ಕೇಳಲಾರದೆ ಬರೀ ಸಾರಿನಲ್ಲಿ ಉಂಡು ಏಳುತ್ತಾನೆ. ಓದುವ ಆಸೆಯಿದ್ದರೂ ಮಾವ ಹೇಳಿದ ಅಂಗಡಿಯಲ್ಲಿ ಕೂತು ಬಾಡಿಹೋಗುತ್ತಾನೆ. (ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ತಂದೆ ಹೆಸರಿಗೆ, ಮಾವ ದರಬಾರಿಗೆ. ತಿಳಿಯದವರಿಗಾಗಿ ಹೇಳಿದೆ.) ಓದಿದ ಪ್ರತಿಯೊಬ್ಬ ಮಾವನಿಗೂ ಇದು ತನ್ನನ್ನೇ ನೋಡಿ ಬರೆದದ್ದೆಂಬ ಗುಮಾನಿ. ನಿಮ್ಮ ಮೀಸೆಯನ್ನು ಕೂಡ ಬಿಟ್ಟಿಲ್ಲವಲ್ಲ ಎಂದು ನನ್ನ ಹೆಂಡತಿ ಬೇರೆ ಚುಚ್ಚಿದಳು.

ಚುಚ್ಚಿದ್ದು ನಾಟಿತು. ನನ್ನ ಅಕ್ಕನ ಮಗ ನಮ್ಮಲ್ಲೇ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಅವನೂ ಹಾಗೆಯೇ, ಕರೆದರೆ ಬಾಗಿಲ ಸಂದಿಯಿಂದ ಅರ್ಧ ಮುಖ. ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯ ಇಂಜಿನ್ ಶೆಡ್ಡಿನಲ್ಲಿ ಅವನಿಗೊಂದು ಕೆಲಸ ಗೊತ್ತು ಮಾಡಿದ್ದೆ. ಆಗ ಅವನು "ಹೂಂ" ಎಂದಿದ್ದ. ಕಾದಂಬರಿಯ ಹುಡುಗನೂ "ಹೂಂ" ಎಂದೇ ಅಲ್ಲವೇ ಹಾಳಾದದ್ದು? ಮರುದಿನವೇ ಮ್ಯಾನೇಜರರ ಮನೆಗೆ ಹೋಗಿ ಕೆಲಸ ಬೇಡವೆಂದೆ. ನೀನಿನ್ನು ಕಾಲೇಜಿಗೆ ಸೇರುವುದೆಂದು ಅಳಿಯನಿಗೆ ಸಾರಿದೆ. ಅವನು "ಹೂಂ" ಎಂದ.

ಎಂಥ ಉದಾರಿ ಮಾವ! ಈ ಸಂಗತಿ ಲೇಖಕರಿಗೆ ತಿಳಿಯದಿದ್ದರೆ ಹೇಗೆ? ಭಾನುವಾರ ಅಳಿಯನನ್ನು ಕರೆದುಕೊಂಡು ಕುದ್ರೋಳಿಯ ಅವರ ಬಾಡಿಗೆ ಮನೆಗೆ ಹೋದೆ. ಲೇಖಕರು ಶಾಲೆಯ ಮಾಸ್ತರು, ತೆಳ್ಳಗಿನ ಮನುಷ್ಯ. ನನ್ನನ್ನು ಕಂಡೊಡನೆ ಒಂದು ಹೆಜ್ಜೆ ಹಿಂದೆ ಸರಿದರು. (ಜಗಳಕ್ಕೆಂದು ಕೆಲವು ಮಾವಂದಿರು ಆಗಲೇ ಬಂದುಹೋಗಿದ್ದರಂತೆ.) ನಾನು ಬಂದದ್ದು ವಂದನೆ ಹೇಳಲಿಕ್ಕೆ ಎಂದು ತಿಳಿದ ಮೇಲೆ ಬೆಲ್ಲ, ನೀರು ಬಂತು. ನನ್ನ ಸುಧಾರಣೆಯ ಕಥೆಯನ್ನು ಸಾದ್ಯಂತ ಬಣ್ಣಿಸಿದೆ.

ಮಾಸ್ತರು ಹೊಗಳಲಿಲ್ಲ. ಅಳಿಯನ ಕಡೆ ತಿರುಗಿ, "ನಿಂಗೆ ಎಂತ ಮಾಡ್ಲಿಕ್ಕೆ ಮನಸ್ಸುಂಟು?" ಎಂದರು. ಉತ್ತರ ಕೊಡಲು ನಾನೇ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ಆಮೇಲೆ ಹುಡುಗನ ಮುಖ ನೋಡದೆ, ವೀಳ್ಯದೆಲೆಗೆ ಸುಣ್ಣ ಸವರುತ್ತ ಕೂತರು. ಒಂದೆಲೆ ಮುಗಿಯಿತು, ಇನ್ನೊಂದನ್ನು ಎತ್ತಿಕೊಂಡರು. ನಾಚುವವರ ಮುಖ ನೋಡುತ್ತ ಏನನ್ನೂ ಕೇಳಬಾರದೆಂದು ಆ ಮನುಷ್ಯನಿಗೆ ಗೊತ್ತಿತ್ತು. ಅವರೂ ನಾಚುವವರೇ.

"ನಂಗೆ ಇಂಜಿನ್ ಶೆಡ್ಡಿಗೇ ಹೋಗ್ಬೇಕು," ಎಂದ ಅಳಿಯ, ನೆಲ ನೋಡುತ್ತ. "ಶಾಲೆ ಬಿಟ್ಟ ಮೇಲೆ ದಿನಾ ಗೇಟಿನ ಹತ್ರ ನಿಂತು ಅದನ್ನೇ ನೋಡ್ತಿದ್ದೆ. ಕಾಲೇಜು ಬೇಡ."

"ಮತ್ತೆ ಮೊನ್ನೆ ಯಾಕೆ ಹೇಳ್ಲಿಲ್ಲ ಮಾರಾಯ?"

"ನೀವು ಕೇಳ್ಲಿಲ್ಲ, ಮಾವ."

ಮಾಸ್ತರು ಎಲೆ ಮಡಿಸಿ ನನ್ನ ಕೈಗಿತ್ತರು. ಬಾಯಿಗೆ ಹಾಕಿಕೊಂಡು ಎದ್ದೆ.

ಮಾನ ಬದಿಗಿಟ್ಟು ಮ್ಯಾನೇಜರರ ಮನೆಗೆ ಮತ್ತೆ ಹೋದೆ. ಪುಣ್ಯಕ್ಕೆ ಜಾಗ ಇನ್ನೂ ಖಾಲಿಯಿತ್ತು. ಈಗ ಅಳಿಯ ಸಂಜೆ ಮೈಯೆಲ್ಲ ಎಣ್ಣೆ ಮಾಡಿಕೊಂಡು ಬರುತ್ತಾನೆ. ಊಟಕ್ಕೆ ಕೂತರೆ ಪಿಸ್ಟನ್ನಿನ ಸುದ್ದಿ ಬಿಟ್ಟು ಬೇರಿಲ್ಲ. ನನಗೆ ಒಂದಕ್ಷರ ಅರ್ಥವಾಗುವುದಿಲ್ಲ, ಆದರೂ ಕೇಳಲು ಬಹಳ ಹಿತವಾಗಿದೆ.

ಆ ಕಾದಂಬರಿ ಓದಿ ಮನಸ್ಸು ಕರಗಿ, ಅಳಿಯನಿಗೆ ಹೊಸ ಅಪ್ಪಣೆ ಕೊಡಲು ಹೊರಟಿರುವ ಮಾವಂದಿರೇ, ಅವನನ್ನೊಮ್ಮೆ ಕೇಳಿದಿರಾ?