ಸಾಯುವ ಜಿಂಕೆಗೆ ನೀರು

ನನ್ನ ಗಂಡನಿಗೆ ಬಿಲ್ಲಿನ ಹುಚ್ಚು ಹಿಡಿದದ್ದು ನಾವು ಡೆಟ್ರಾಯಿಟ್ ಪಕ್ಕದ ಲಿವೋನಿಯಾಕ್ಕೆ ಮನೆ ಬದಲಿಸಿದ ಮೇಲೆ. ಆಫೀಸಿನ ಗೆಳೆಯರ ಹಾಗೆ ಗಾಲಿ, ಗುರಿಕಣ್ಣು ಇರುವ ಹೊಸ ಕಾಲದ ಬಿಲ್ಲು ಇವರಿಗೆ ಬೇಡ. ಹಳೇ ಕಾಲದ ಮರದ ಬಿಲ್ಲು, ಮರದ ಬಾಣವೇ ಆಗಬೇಕು. ಅದು ಪ್ರಾಣಿಗೆ ಕೊಡುವ ಮರ್ಯಾದೆಯಂತೆ. ಮರ್ಯಾದೆ ಸಿಕ್ಕ ಪ್ರಾಣಿಗೆ ನೋವಾಗುವುದಿಲ್ಲವೇ ಎಂದು ಕೇಳಿದ್ದೆ. ಇವರು ಬಾಣದ ತುದಿ ಉಜ್ಜುತ್ತ ಕೂತರು. ಜೊತೆಗಿರಲಿ ಎಂದು ನಾನೂ ಕಲಿತೆ, ಇವರಿಗಿಂತ ಚೆನ್ನಾಗಿಯೇ ಕಲಿತೆ. ಅದು ಇವರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಮೊಟ್ಟೆ ಕೂಡ ಒಡೆಯದ ಎರಡು ಮನೆತನದ ನಾವಿಬ್ಬರು ಕಳೆದ ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ಸೇತುವೆ ದಾಟಿ ಕೆನಡಾಕ್ಕೆ ಬೇಟೆಗೆ ಹೋದೆವು. ಅಲ್ಲಿನ ಗೈಡ್ ಒಂದೇ ಮಾತು ಒತ್ತಿ ಹೇಳಿದ. ಬಾಣ ಎದೆ ತಪ್ಪಿ ಹೊಟ್ಟೆಗೆ ಬಿದ್ದರೆ ಮರದ ಮೇಲಿನ ಅಟ್ಟಣೆಯಿಂದ ಇಳಿಯಬೇಡಿ, ನನಗೆ ಫೋನ್ ಮಾಡಿ, ಗಂಟೆಗಟ್ಟಲೆ ಕಾಯಿರಿ. ಸುಮ್ಮನೆ ಬಿಟ್ಟರೆ ಜಿಂಕೆ ಹತ್ತಿರದಲ್ಲೇ ಮಲಗಿ ಸಾಯುತ್ತದೆ. ಹತ್ತಿರ ಹೋದರೆ ಎದ್ದು ಓಡುತ್ತದೆ, ಆಮೇಲೆ ಅದಕ್ಕೆ ಸುಲಭದ ಸಾವಿಲ್ಲ.

ಇವರ ಬಾಣ ಹೊಟ್ಟೆಗೇ ಬಿತ್ತು. ಹೆಣ್ಣು ಜಿಂಕೆ. ಬೆನ್ನು ಬಾಗಿಸಿಕೊಂಡು ಸ್ವಲ್ಪ ದೂರ ನಡೆದು ಪೊದೆಯ ಪಕ್ಕ ಮಲಗಿತು. ಮೇಲಿನಿಂದ ಅದರ ಕಿವಿ ಅಲ್ಲಾಡುವುದು ಕಾಣುತ್ತಿತ್ತು. ಇವರು ಅಳತೊಡಗಿದರು. ಆಮೇಲೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದರು.

"ಪ್ರಾಣ ಹೋಗೋವಾಗ ಬಾಯಿಗೆ ನೀರು ಬಿಡ್ಬೇಕು ಕಣೆ. ಇಲ್ದಿದ್ರೆ ಪಾಪ ಸುತ್ಕೊಳ್ಳತ್ತೆ."

"ಕುಂದರ್ರಿ ಸುಮ್ನ. ನೀವು ಹ್ವಾದ್ರ ಅದು ಎದ್ದು ಓಡತೈತಿ," ಎಂದು ಜಾಕೆಟ್ ಹಿಡಿದು ಎಳೆದೆ.

"ನಿಂಗೆ ಕರುಳೇ ಇಲ್ವಾ?"

ಕೊಸರಿಕೊಂಡು ಇಳಿದೇಬಿಟ್ಟರು. ಮುಚ್ಚಳ ತಿರುಗಿಸುತ್ತ ಇವರು ಹತ್ತಿರ ಹೋಗಿದ್ದೇ ತಡ, ಜಿಂಕೆ ಎದ್ದಿತು. ಹೊಟ್ಟೆಯಲ್ಲಿ ಬಾಣ ಇಟ್ಟುಕೊಂಡೇ ಜೌಗಿನ ಕಡೆ ಓಡಿತು. ಇವರು ಬಾಟಲಿ ಹಿಡಿದು ನಿಂತೇ ಇದ್ದರು.

ಗೈಡ್ ಬಂದ. ಮೂವರೂ ಸಂಜೆಯವರೆಗೆ ಹುಡುಕಿದೆವು. ಸಿಕ್ಕಾಗ ಅದು ಕೆಸರಿನಲ್ಲಿ ಹೂತುಕೊಂಡಿತ್ತು. ಒಂದು ಕಣ್ಣನ್ನು ಕಾಗೆ ಕುಕ್ಕಿ ತೆಗೆದಿತ್ತು. ಇನ್ನೊಂದು ಕಣ್ಣು ನಮ್ಮನ್ನೇ ನೋಡುತ್ತಿತ್ತು, ಇನ್ನೂ ಜೀವವಿತ್ತು. ಮುಗಿಸಿ ಎನ್ನುವಂತೆ ಗೈಡ್ ಇವರ ಮುಖ ನೋಡಿದ. ಇವರು ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡರು.

ನಾನು ಬಿಲ್ಲು ಎತ್ತಿದೆ. ದುಃಖವಲ್ಲ, ನನಗೆ ಬಂದದ್ದು ಸಿಟ್ಟು. ಒಂದು ಕ್ಷಣ ಆ ಬಾಣವನ್ನು ಇವರ ಕಡೆಗೇ ತಿರುಗಿಸಬೇಕು ಅನಿಸಿತ್ತು. ತಿರುಗಿಸಲಿಲ್ಲ. ಜಿಂಕೆಯ ಎದೆಗೆ ಬಿಟ್ಟೆ, ಒಂದೇ ಬಾಣಕ್ಕೆ ಮುಗಿಯಿತು. ವಾಪಸ್ ಡ್ರೈವ್ ಮಾಡಿದ್ದೂ ನಾನೇ. ದಾರಿಯುದ್ದಕ್ಕೂ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಹೋದ ತಿಂಗಳು ಕನ್ನಡದ ಗೆಳೆಯರೊಬ್ಬರ ಮನೆಯಲ್ಲಿ ಊಟವಿತ್ತು. ನಾನು ಬಡಿಸುತ್ತಿದ್ದೆ. ಯಾರೋ ಬೇಟೆಯ ಮಾತು ತೆಗೆದರು.

"ನಾನು ಅದಕ್ಕೆ ನೀರು ಕುಡ್ಸಕ್ಕೆ ಹೋದೆ," ಎಂದರು ಇವರು, ದನಿ ತಗ್ಗಿಸಿ. "ಕೊಂದಿದ್ದು ಇವಳು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಮುಂದಿನ ತಟ್ಟೆಗೆ ಕೋಸಂಬರಿ ಬಡಿಸಲು ಬಾಗಿದೆ. ಆ ಮನೆಯ ಆಂಟಿ ನನ್ನ ಕೈಗಳನ್ನೇ ನೋಡುತ್ತ ಹತ್ತಿರ ಬಂದು ಪಾತ್ರೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ನೀನು ಕೂತ್ಕೋಮ್ಮಾ," ಎಂದರು. "ನಾನು ಬಡಿಸ್ತೀನಿ."