ಬಿಸಿಲಿಗೆ ಹಾಕಿದ ಗೂಡು

ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಹೋಗಬೇಕೆಂದರೆ ಗಾಡಿ ಕಟ್ಟಬೇಕಾಗಿದ್ದ, ಇಲ್ಲವೇ ಕಾಲು ಸವೆಸಬೇಕಾಗಿದ್ದ ಕಾಲದ ಮಾತು ಇದು. ಮಹಾರಾಜರ ಹುಟ್ಟುಹಬ್ಬಕ್ಕೆ ಸರ್ಕಾರಿ ಶಾಲೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ಹೆಣ್ಣುಮಗುವಾದ ನನ್ನನ್ನು ಆ ಶಾಲೆಗೆ ಕಳಿಸುವವರು ಯಾರೂ ಇರಲಿಲ್ಲವಾದ್ದರಿಂದ ಆ ಸಕ್ಕರೆಯ ರುಚಿ ನನಗೆ ಗೊತ್ತಿಲ್ಲ. ನನಗೆ ದಕ್ಕಿದ್ದು ಭಾನುವಾರದ ಇಸ್ಕೂಲು ಮಾತ್ರ. ಈಗ ಇಷ್ಟು ಬರೆಯುತ್ತಿರುವ ಅಕ್ಷರವನ್ನೂ ಅಲ್ಲಿಯೇ ಕಲಿತೆ.

ಆ ಇಸ್ಕೂಲು ನಡೆಯುತ್ತಿದ್ದುದು ಊರಾಚೆಯ ಹೊಂಗೆಮರದ ಕೆಳಗೆ. ಕಲಿಸಲು ಚನ್ನಪಟ್ಟಣದಿಂದ ಒಂಟೆತ್ತಿನ ಗಾಡಿಯಲ್ಲಿ ಸುಗುಣಮ್ಮನವರು ಬರುತ್ತಿದ್ದರು. ಅವರು ಕ್ರೈಸ್ತರು, ಬೆಂಗಳೂರಿನ ದಂಡಿನ ಕಡೆ ಹುಟ್ಟಿ ಬೆಳೆದವರು. ಮೈಮೇಲೆ ಬಿಳಿ ಸೀರೆ, ಸೋಪಿನ ವಾಸನೆ. ಬರೀ ಬೋಧನೆ ಮಾಡಿದರೆ ಈ ಮಂಗಗಳು ಕೇಳುವುದಿಲ್ಲ ಎಂದು ಅವರಿಗೆ ಬೇಗ ತಿಳಿದುಹೋಗಿತ್ತು. ಅದಕ್ಕೇ ಪ್ರತಿಯೊಂದು ನೀತಿಯನ್ನೂ ನಮ್ಮ ಕೈಯಲ್ಲೇ ಮಾಡಿಸುತ್ತಿದ್ದರು. ಮರಳ ಮೇಲೊಂದು, ಬಂಡೆಯ ಮೇಲೊಂದು ಮಣ್ಣಿನ ಮನೆ ಕಟ್ಟಿಸಿ ಎರಡಕ್ಕೂ ಬಿಂದಿಗೆಯಿಂದ ನೀರು ಸುರಿಸಿದರು. ಹಚ್ಚಿದ ಹಣತೆಯ ಮೇಲೆ ಮಡಕೆ ಬೋರಲು ಹಾಕಿಸಿದರು. ಒಂದು ಸಲ ತೆಂಗಿನ ಚಿಪ್ಪಿನಲ್ಲಿ ಸಾಸಿವೆ ಬಿತ್ತಿಸಿ, "ಈ ಚಿಕ್ಕ ಕಾಳು ಬೆಳೆದು ಹಕ್ಕಿಗಳು ಬಂದು ಕೂರುವಂಥ ಮರವಾಗುತ್ತೆ, ನಂಬಿಕೆಯೂ ಹಾಗೇ" ಎಂದರು.

ಪಕ್ಕದ ಮನೆಯ ಕೆಂಚಿಗೆ ತಡೆಯಲಾಗಲಿಲ್ಲ. "ಗುಬ್ಬಿ ಕುಂತ್ರೆ ಸಾಸ್ವೆ ಗಿಡ ಮುರ್ದೋಯ್ತದೆ ಅಮ್ಮಾವ್ರೇ!" ಎಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಸುಗುಣಮ್ಮನವರೂ ನಕ್ಕರು. ಹೊಲ ಗದ್ದೆಯ ವಿಚಾರದಲ್ಲಿ ನಾವು ಅವರಿಗೆ ಮೇಷ್ಟ್ರುಗಳೆಂದು ನಮಗೆಲ್ಲ ಭಾರೀ ಜಂಬವಿತ್ತು.

ನಗುವವರ ನಡುವೆ ನಾನೂ ಇದ್ದೆ ಎಂದೆನಲ್ಲ, ಆ ನಗು ನನಗೆ ಹೊಸದು. ಆ ವರ್ಷ ಸಂಕ್ರಾಂತಿ ಕಳೆದಮೇಲೆ ನಮ್ಮವ್ವ ಹೆರಿಗೆಗೆಂದು ತವರಿಗೆ ಬಂದವಳು ಹೆರಿಗೆಯಲ್ಲೇ ಹೋಗಿಬಿಟ್ಟಳು. ಮಗುವೂ ಉಳಿಯಲಿಲ್ಲ. ಇಬ್ಬರನ್ನೂ ಅಜ್ಜಿಯ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಅಪ್ಪ ತಿಥಿ ಮುಗಿಸಿಕೊಂಡು ತನ್ನೂರು ಅಕ್ಕೂರಿಗೆ ಹೊರಟುಹೋದ, ನಾನು ಅಜ್ಜಿಯ ಬಳಿ ಉಳಿದೆ. ದಿನವಿಡೀ ಗೋಡೆಗೊರಗಿ ಕೂತಿರುತ್ತಿದ್ದ ನನ್ನನ್ನು ನೋಡಲಾರದೆ ಅಜ್ಜಿಯೇ ಒಂದು ಭಾನುವಾರ ಎಬ್ಬಿಸಿ ಕಳಿಸಿದಳು. "ಹೋಗು ಮಗ, ನಾಕು ಮಕ್ಳ ಜೊತೆ ಕುಂತ್ಕೊ. ಆದ್ರೆ ಅವರು ನೀರು ಕೊಟ್ರೆ ಕುಡೀಬ್ಯಾಡ" ಎಂದಿದ್ದಳು.

ಯುಗಾದಿ ಆದಮೇಲೆ ಯೇಸುಸ್ವಾಮಿ ಸತ್ತು ಎದ್ದ ಹಬ್ಬ ಬರುತ್ತದೆಂದು ಸುಗುಣಮ್ಮನವರು ಹೇಳಿದರು. ಅದಕ್ಕಾಗಿ ಎಲ್ಲರೂ ಮನೆಯಿಂದ ಒಂದೊಂದು ರೇಷ್ಮೆಗೂಡು ತರಬೇಕು. ನಮ್ಮೂರಲ್ಲಿ ಅದೇನು ದೊಡ್ಡ ವಿಷಯ? ಆಗ ಮನೆಮನೆಯಲ್ಲೂ ಹುಳು ಹಣ್ಣಾಗಿ ಚಂದ್ರಂಕಿ ಎಂಬ ತಟ್ಟಿಯ ಬಿದಿರ ಸುರುಳಿಗಳಲ್ಲಿ ಗೂಡು ಕಟ್ಟಿ ಮುಗಿಸಿದ್ದವು. ಸೊಪ್ಪು, ಹಿಕ್ಕೆಗಳ ಹಸಿ ವಾಸನೆ ನಮ್ಮ ತಲೆಗೂದಲಿಗೂ ಹತ್ತಿತ್ತು. ಅಜ್ಜಿಯ ಕಣ್ಣು ತಪ್ಪಿಸಿ ಚಂದ್ರಂಕಿಯಿಂದ ಒಂದು ಹಳದಿ ಗೂಡನ್ನು ಬಿಡಿಸಿಕೊಂಡು ಹೋದೆ.

ಸುಗುಣಮ್ಮನವರು ಅದನ್ನು ಅಂಗೈಲಿಟ್ಟು ತೋರಿಸಿದರು. "ಇದರೊಳಗೆ ಹುಳು ಸತ್ತ ಹಾಗೆ ಮಲಗಿದೆ. ಆದರೆ ಸತ್ತಿಲ್ಲ. ರೆಕ್ಕೆ ಬಂದು ಬೆಳ್ಳಗೆ ಹೊರಗೆ ಬರುತ್ತೆ. ನಾವು ಮಣ್ಣಿಗಿಟ್ಟವರೂ ಹಾಗೇ ಎದ್ದು ಬರ್ತಾರೆ. ಮನೇಲಿ ಜೋಪಾನವಾಗಿಟ್ಟು ಹಬ್ಬದ ದಿನ ತನ್ನಿ."

ಗೂಡಿನಿಂದ ಚಿಟ್ಟೆ ಬರುವುದು ನಮಗೆ ಹೊಸದಲ್ಲ. ಬಿತ್ತನೆಗೆಂದು ಬಿಟ್ಟ ಗೂಡುಗಳಲ್ಲಿ ಎಷ್ಟೋ ಸಲ ನೋಡಿದ್ದೆವು. ಆದರೆ ಅದಕ್ಕೆ ಹೀಗೊಂದು ಅರ್ಥವಿದೆ ಎಂದು ಯಾರೂ ಹೇಳಿರಲಿಲ್ಲ.

"ನಮ್ಮವ್ವನೂ ಬತ್ತಾಳಾ ಅಮ್ಮಾವ್ರೇ?"

ಅವರು ನನ್ನ ತಲೆ ಸವರಿ, "ಬರ್ತಾಳೆ ಮಗಳೇ" ಎಂದರು. ಯಾವಾಗ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹಬ್ಬದ ದಿನ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಅವ್ವನದೊಂದು ಚನ್ನಪಟ್ಟಣದ ಅರಗಿನ ಕುಂಕುಮದ ಭರಣಿ ಇತ್ತು. ಕೆಂಪು ಬಣ್ಣದ್ದು, ಒಳಗೆ ತಳದಲ್ಲಿ ಒಸಿ ಕುಂಕುಮ ಉಳಿದಿತ್ತು. ಗೂಡನ್ನು ಅದರೊಳಗಿಟ್ಟು ಮುಚ್ಚಳ ಹಾಕದೆ ದೀಪದ ಮಾಡದಲ್ಲಿಟ್ಟೆ. ದಿನಾ ಕಿವಿಗೆ ಹಿಡಿದು ಕೇಳುತ್ತಿದ್ದೆ. ಸಂಜೆ ತೋಟದ ಅಂಚಿಗೆ ಹೋಗಿ ಅವ್ವನನ್ನು ಹೂತ ಗುಡ್ಡೆಯ ಮೇಲೆ ಎಲ್ಲಾದರೂ ತೂತು ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಬಂದವಳಿಗೆ ಹಸಿವಾಗಿರುತ್ತದೆಂದು ಹುರಿಗಡಲೆ ಬೆಲ್ಲ ಕಟ್ಟಿಟ್ಟಿದ್ದೆ. ಅದನ್ನು ಇರುವೆ ತಿಂದವು, ಇನ್ನಷ್ಟು ಕದ್ದು ಕಟ್ಟಿಟ್ಟೆ. ಬಾಯಿಬಿಟ್ಟರೆ ಕಣ್ಣು ಬಿದ್ದೀತೆಂದು ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು, ಅಜ್ಜಿಗಾದರೂ.

ಹಬ್ಬದ ಬೆಳಿಗ್ಗೆ ಗೂಡು ಹಾಗೇ ಇತ್ತು. ಹೊಂಗೆಮರದ ಕೆಳಗೆ ಹೋದಮೇಲೆ ಒಡೆಯುತ್ತದೆ ಎಂದುಕೊಂಡು ಭರಣಿಯನ್ನು ಎದೆಗವಚಿಕೊಂಡು ಓಡಿದೆ. ಅಲ್ಲಿ ಕೆಂಚಿಯ ಚಿಟ್ಟೆ ಆಗಲೇ ಬಾಳೆಯೆಲೆಯ ಮೇಲೆ ರೆಕ್ಕೆ ಪಟಪಟಿಸುತ್ತಿತ್ತು. ಬೇರೆ ಮಕ್ಕಳವೂ ಒಂದೊಂದಾಗಿ ಬಂದಿದ್ದವು. ಎಲ್ಲರೂ ಹಾಡು ಹೇಳಿದರು. ನನ್ನದೊಂದು ಮಾತ್ರ ಮಿಸುಕಲಿಲ್ಲ.

"ತಡವಾಗಿದೆ ಅಷ್ಟೆ, ನಾಳೆ ಬರುತ್ತೆ" ಎಂದರು ಸುಗುಣಮ್ಮನವರು.

ಕೆಂಚಿ ಅದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. "ಗಲಗಲ ಅಂತೈತೆ. ಇದು ಬಿಸ್ಲಿಗಾಕಿರೋ ಗೂಡು ಅಮ್ಮಾವ್ರೇ. ಇನ್ನ ಬರಾಕಿಲ್ಲ."

"ಬಿಸಿಲಿಗಾ? ಯಾಕೆ?"

ಆಗ ಎಲ್ಲ ಮಕ್ಕಳೂ ನಾ ಮುಂದು ತಾ ಮುಂದು ಎಂದು ವಿವರಿಸಿದರು. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗಿ ನೂಲು ಹರಿದುಹೋಗುತ್ತದೆ, ಅಂಥ ಗೂಡನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಬಿತ್ತನೆಗೆ ನಾಲ್ಕು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಬಿಸಿಲಲ್ಲಿ ಹರಡಿ ಒಳಗಿನ ಹುಳುವನ್ನು ಸಾಯಿಸುತ್ತಾರೆ. ಅದು ನಮ್ಮ ಅನ್ನ. ಸುಗುಣಮ್ಮನವರಿಗೆ ಈ ಸಂಗತಿ ಅಂದೇ ತಿಳಿದದ್ದು. ಅವರು ನನ್ನ ಮುಖ ನೋಡಿದರು. ಭರಣಿಯನ್ನು ಅಲ್ಲೇ ಬಿಟ್ಟು ನಾನು ಮನೆಗೆ ಓಡಿದೆ.

ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇಳಿದ್ದಕ್ಕೆ ಬಲು ಸಂತೋಷದಿಂದಲೇ ಹೇಳಿದಳು. "ಊಂ ಕಣ್ ಮಗ, ನಾನೇ ಹಾಕ್ದೆ. ಅವ್ವನ ಭರಣೀಲಿ ಆಸೆಯಾಗಿ ಮಡಿಕ್ಕಂಡಿದ್ದೀಯ, ತೂತು ಬಿದ್ದು ಹಾಳಾದ್ರೆ ಅಳ್ತೀಯ ಅಂತ ಬ್ಯಾರೆಯಾಗಿ ಎಲೆ ಮ್ಯಾಲೆ ಒಣಗಿಸಿ ಅಲ್ಲೇ ಮಡಗ್ದೆ. ಇನ್ನ ಎಷ್ಟು ವರ್ಸ ಆದ್ರೂ ಕೆಡಾಕಿಲ್ಲ."

"ಅವ್ವ ಬತ್ತಿದ್ಲು, ನೀನು ಸಾಯಿಸ್ಬುಟ್ಟೆ!" ಎಂದು ಕಿರುಚಿದೆ.

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅಳುತ್ತ ಅಳುತ್ತ ಎಲ್ಲವನ್ನೂ ಹೇಳಿದೆ, ಗುಡ್ಡೆಯ ವಿಷಯವನ್ನೂ ಹುರಿಗಡಲೆಯ ವಿಷಯವನ್ನೂ. ಸತ್ತವಳು ನನಗೆ ತಾಯಿ, ಅಜ್ಜಿಗೆ ಹೆತ್ತ ಮಗಳು. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಅವಳು ಬಯ್ಯಲಿಲ್ಲ, ನಗಲಿಲ್ಲ. ಮೊರ ಕೆಳಗಿಟ್ಟು ಎದ್ದು ಹೋದಳು. ನಮ್ಮ ಮನೆಯ ಗೂಡೆಲ್ಲ ಬಿಸಿಲುಂಡು ಮೂಟೆ ಸೇರಿತ್ತು. ಬೀದಿಯಲ್ಲಿ ಮನೆಮನೆಯ ಮುಂದೆ ನಿಂತು "ಒಂದು ಜೀವ ಇರೋ ಗೂಡು ಐತಾ?" ಎಂದು ಅಜ್ಜಿ ಕೇಳುವುದು ಒಳಗೆ ನನಗೆ ಕೇಳಿಸುತ್ತಿತ್ತು.

ಕೊನೆಗೆ ಯಾರದೋ ಬಿತ್ತನೆಯದೊಂದನ್ನು ತಂದು ನನ್ನ ಮುಂದೆ ಹಿಡಿದಳು. "ತಕೊ ಮಗ, ಇದ್ರಾಗೆ ಬತ್ತದೆ."

"ಇದು ಅವ್ವ ಅಲ್ಲ" ಎಂದೆ.

ಅಜ್ಜಿಯ ಕೈ ಚಾಚಿದ ಹಾಗೇ ನಿಂತುಬಿಟ್ಟಿತು. ಅಷ್ಟರಲ್ಲಿ ಸುಗುಣಮ್ಮನವರು ಭರಣಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಊರೊಳಗಿನ ಮನೆಗಳಿಗೆ ಅವರು ಬರುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. ಅಜ್ಜಿ ಅವರ ಮೇಲೆ ಹರಿಹಾಯುತ್ತಾಳೆಂದು ನಾನು ಹೆದರಿದೆ. ಅಜ್ಜಿ ಮೆಲ್ಲಗೆ ಕೇಳಿದಳು:

"ಬಿಸ್ಲಿಗಾಕಿದ್ದೂ ಏಳ್ತದಾ ಅಮ್ಮಾವ್ರೇ?"

ಅವರ ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದೇ ಇತ್ತು, ದೊಡ್ಡವಳಾದ ಮೇಲೆ ನಾನೇ ಓದಿದ್ದೇನೆ. ಅಂದು ಅವರಿಗೆ ಅದನ್ನು ಹೇಳಲಾಗಲಿಲ್ಲ. ಹಿಂದೆ ಹೇಳಿದ ಒಂದು ಮಾತು ಏನು ಮಾಡಿತ್ತೆಂದು ಎದುರಿಗೇ ಕಾಣುತ್ತಿತ್ತಲ್ಲ. ಹೊಸ್ತಿಲಾಚೆ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ಅವರನ್ನು ಒಳಗೆ ಕರೆದು ತನ್ನ ಚಾಪೆಯ ಮೇಲೆಯೇ ಕೂರಿಸಿ ಚೊಂಬಿನಲ್ಲಿ ನೀರು ಕೊಟ್ಟಳು. ಗಾಡಿಯವನು ಕೂಗುವವರೆಗೂ ಇಬ್ಬರೂ ಆ ಚಾಪೆಯ ಮೇಲೆಯೇ ಕೂತಿದ್ದರು.

ಬೇರೆಯವರ ಆ ಗೂಡಿನಿಂದ ಮುಂದೆ ಚಿಟ್ಟೆ ಬಂತು. ನಾನು ನೋಡಲು ಹೋಗಲಿಲ್ಲ. ಅಜ್ಜಿ ಮಾತ್ರ ಕೆಲಸ ಬಿಟ್ಟು ಅದರ ಮುಂದೆ ಬಹಳ ಹೊತ್ತು ಕೂತಿದ್ದಳು.

ಈಗ ನನಗೆ ಅಂದಿನ ಅಜ್ಜಿಗಿಂತಲೂ ಹೆಚ್ಚು ವಯಸ್ಸಾಗಿದೆ. ಹೊಂಗೆಮರ ಇಲ್ಲ. ಭರಣಿ ಇದೆ, ಅದರ ಅರಗು ಅಲ್ಲಲ್ಲಿ ಎದ್ದಿದೆ. ನಂಬಿ ಮೋಸಹೋದೆನೆಂದು ಎಷ್ಟೋ ವರ್ಷ ಸಿಟ್ಟಿತ್ತು. ಈಗ ಆ ಸಿಟ್ಟೂ ಇಲ್ಲ. ಅವ್ವ ದಾರಿಯಲ್ಲಿದ್ದಾಳೆ, ಇಂದೋ ನಾಳೆಯೋ ಬರುತ್ತಾಳೆ ಎಂದು ಹುರಿಗಡಲೆ ಕಟ್ಟಿಟ್ಟುಕೊಂಡು ಕಾದ ಆ ದಿನಗಳೇ ನನಗೆ ಬೇಕೆನ್ನಿಸುತ್ತದೆ. ಆಮೇಲೆ ಅಜ್ಜಿಯನ್ನು ಮಣ್ಣು ಮಾಡಿದೆವು, ಗಂಡನನ್ನು ಮಾಡಿದೆವು, ಕೈಗೆ ಬಂದಿದ್ದ ಮಗನನ್ನೂ ಮಾಡಿದೆವು. ಯಾರ ಗುಡ್ಡೆಯ ಮೇಲೂ ನಾನು ತೂತು ಹುಡುಕಲು ಹೋಗಲಿಲ್ಲ.