ಟೊಮೊಟೊ ಲಾರಿಯೂ ಮೇಷ್ಟ್ರ ಶಾಲೂ

ನಮ್ಮ ಕಡೆ ಯಾರಿಗಾದರೂ ಮರ್ಯಾದೆ ಕೊಡಬೇಕು ಅನ್ನಿಸಿದರೆ ಅವರ ಕೆಲಸ ನಿಲ್ಲಿಸಿ ಶಾಲು ಹೊದಿಸುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರಿನ ಕಾಲೇಜುಗಳಲ್ಲಿ ನಮ್ಮ ಜಾಝ್ ತಂಡದ ಕಾರ್ಯಕ್ರಮ ನಡೆಸಿ, ಜನರ ಮುಂದೆಯೇ ಒಂದು ಆಲ್ಬಂ ರೆಕಾರ್ಡ್ ಮಾಡಿಬಿಡೋಣ ಅಂತ ಹೊರಟವನು ನಾನು. ಅನುಭವದಿಂದ ಹೇಳುತ್ತಿದ್ದೇನೆ.

ನಾವು ನಾಲ್ವರು. ನನ್ನದು ಸ್ಯಾಕ್ಸೊಫೋನ್. ಬೇಸ್ ಗಿಟಾರ್ ನುಡಿಸುವ ಗೆಳೆಯನಿಗೆ ಕೋಲಾರದಲ್ಲಿ ಅವರಪ್ಪನ ಕಾಲದ ಹಾಸಿಗೆ ಅಂಗಡಿ ಇದೆ. ಅವನು ಮನೆಯಲ್ಲಿ ದಖ್ನಿ ಉರ್ದು ಆಡುತ್ತಾನೆ, ಗಿರಾಕಿಗಳ ಹತ್ತಿರ ತೆಲುಗು, ನನ್ನನ್ನು ಬೈಯುವಾಗ ಮಾತ್ರ ಅಚ್ಚ ಕನ್ನಡ. ಡ್ರಮ್ಸ್ ಬಾರಿಸುವವಳು ಮಾಲೂರಿನ ಬ್ಯಾಂಕೊಂದರ ಉದ್ಯೋಗಿ. ಪಿಯಾನೊ, ಅಂದರೆ ನಮ್ಮ ಕೈಗೆಟಕುವ ಕೀಬೋರ್ಡು, ನಮ್ಮ ಮೇಷ್ಟ್ರದು. ಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ಚಿಕ್ಕಂದಿನಲ್ಲಿ ಚಿನ್ನದ ಗಣಿಯ ಊರಿನ ಕ್ಲಬ್ಬಿನ ಕಿಟಕಿಯಾಚೆ ನಿಂತು ಜಾಝ್ ಕೇಳಿ, ಆಮೇಲೆ ಹೇಗೋ ಒಳಗೆ ಸೇರಿಕೊಂಡು ನುಡಿಸಿ ಕಲಿತವರು.

ಇಡೀ ತಾಪತ್ರಯ ಮೇಷ್ಟ್ರಿಗೋಸ್ಕರ. ಅವರ ಎಡಗೈ ನಡುಗಲು ಶುರುವಾಗಿತ್ತು. ಇದು ಹೆಚ್ಚುತ್ತಾ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಮೇಷ್ಟ್ರು ಜೀವಮಾನದಲ್ಲಿ ಸ್ವಂತವಾಗಿ ಕಟ್ಟಿದ್ದು ಒಂದೇ ಒಂದು ರಚನೆ. ಅದಕ್ಕೆ ಅವರಿಟ್ಟ ಹೆಸರು ‘ಟೊಮೊಟೊ ಲಾರಿ’. ರಾಯಲ್ಪಾಡಿನ ಕಡೆಯಿಂದ ಟೊಮೊಟೊ ತುಂಬಿದ ಲಾರಿ ಏರು ಹತ್ತುವ ಹಾಗೆ ಎಡಗೈ ಕೆಳಗೆ ಒಂದೇ ಸಮ ಎಳೆಯುತ್ತಿರಬೇಕು, ಬಲಗೈ ಮೇಲೆ ತನ್ನ ಪಾಡಿಗೆ ಹಾಡಿಕೊಂಡಿರಬೇಕು. ಎಡಗೈ ಹೋದರೆ ಲಾರಿಯೇ ಇಲ್ಲ. ಕೈ ಪೂರ್ತಿ ಕೈಕೊಡುವ ಮೊದಲು ಅದು ಮೊದಲಿಂದ ಕೊನೆಯವರೆಗೆ ಒಂದು ಸಲ ರೆಕಾರ್ಡ್ ಆಗಬೇಕು, ಅಷ್ಟೇ ಅವರ ಆಸೆ. ಸ್ಟುಡಿಯೋಗೂ ಕರೆದುಕೊಂಡು ಹೋಗಿದ್ದೆ. ಹೆಡ್‌ಫೋನ್ ಹಾಕಿದ ಕೂಡಲೇ ಕಲ್ಲಿನ ಹಾಗೆ ಕೂತುಬಿಟ್ಟರು. “ಎದುರಿಗೆ ಮಕ್ಕಳು ಕೂತಿಲ್ದೆ ನಂಗೆ ಮಾತೂ ಹೊರಡಲ್ಲ, ಕೈಯೂ ಓಡಲ್ಲ ಕಣೋ” ಅಂದರು. ಅದಕ್ಕೇ ಕಾಲೇಜುಗಳು.

ಕಾಲೇಜುಗಳನ್ನು ಒಪ್ಪಿಸಿದವರು ಒಬ್ಬ ಕನ್ನಡ ಉಪನ್ಯಾಸಕರು. ಅವರೂ ಮೇಷ್ಟ್ರ ಹಳೆಯ ಶಿಷ್ಯರೇ, ನನಗಿಂತ ಹಿರಿಯರು. ನಾಲ್ಕೂ ಊರಿಗೆ ನಮ್ಮ ಜೊತೆ ಬಂದು ತಾವೇ ನಿರೂಪಣೆ ಮಾಡುತ್ತೇನೆ ಅಂದರು. ಒಳ್ಳೆಯ ಮನುಷ್ಯ. ಅವರ ಒಳ್ಳೆಯತನದಿಂದ ನನಗಾದಷ್ಟು ತೊಂದರೆ ಯಾವ ಕೆಟ್ಟವರಿಂದಲೂ ಆಗಿಲ್ಲ. ಅವರ ಕಾರಿನ ಡಿಕ್ಕಿಯಲ್ಲಿ ಒಂದು ಕಟ್ಟು ಶಾಲು ಇದ್ದದ್ದನ್ನು ನೋಡಿದಾಗಲೇ ನನಗೆ ಬುದ್ಧಿ ಬರಬೇಕಿತ್ತು.

ಕೋಲಾರದಲ್ಲಿ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿಯಿತು. ವೇದಿಕೆಯ ಮೇಲಿನ ಗಣ್ಯರು ಕೆಳಗಿಳಿಯಲಿಲ್ಲ. ಕುರ್ಚಿ ಹಾಕಿದ ಮೇಲೆ ಯಾರು ಇಳಿಯುತ್ತಾರೆ? ಡ್ರಮ್ಸ್‌ನವಳ ಬೆನ್ನಿಗೆ ಅಧ್ಯಕ್ಷರ ಮೊಣಕಾಲು ತಾಗುತ್ತಿತ್ತು. ಹಾಗೇ ಶುರುಮಾಡಿದೆವು. ಟೊಮೊಟೊ ಲಾರಿಯಲ್ಲಿ ನಾವು ಮೂವರೂ ಸುಮ್ಮನಾಗಿ ಮೇಷ್ಟ್ರು ಒಬ್ಬರೇ ನುಡಿಸುವ ಜಾಗ ಒಂದಿದೆ. ಎಡಗೈ ಅವತ್ತು ಹೇಳಿದ ಮಾತು ಕೇಳುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಹಾರ, ಶಾಲು ಹಿಡಿದು ವೇದಿಕೆ ಹತ್ತಿದರು. ಗುರುಗಳು ಒಬ್ಬರೇ ನುಡಿಸುತ್ತಿದ್ದಾರೆ, ಗೌರವಿಸಲು ಇದಕ್ಕಿಂತ ಸುಸಮಯ ಬೇರೆ ಯಾವುದು ಅಂತ ಅವರ ಲೆಕ್ಕ. ಮೇಷ್ಟ್ರು ಹಳೇ ಕಾಲದವರು. ಹಾರ ಎದುರಿಗೆ ಬಂದರೆ ಎದ್ದು ನಿಲ್ಲದೆ ಇರುವುದು ಅವರಿಗೆ ಗೊತ್ತಿಲ್ಲ. ಎದ್ದರು, ಕೈಮುಗಿದರು, ಫೋಟೋಗೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಿರುಗಿದರು. “ಸಂಗೀತ ಈಗ ಮುಂದುವರಿಯಲಿದೆ” ಅಂತ ಮೈಕಿನಲ್ಲಿ ಘೋಷಣೆಯಾಯಿತು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಹಲ್ಲು ಕಚ್ಚಿಕೊಂಡು ಸ್ಯಾಕ್ಸೊಫೋನ್ ಊದಲಾಗುವುದಿಲ್ಲ ಅನ್ನುವುದು ಬೇರೆ ಮಾತು.

“ಸನ್ಮಾನ ಮೊದಲೇ ಮುಗಿಸಿಬಿಡಿ ಸಾರ್, ನಿಮ್ಮ ದಮ್ಮಯ್ಯ” ಅಂತ ಬೇಡಿಕೊಂಡೆ. ಮಾಲೂರಿನಲ್ಲಿ ಮೊದಲೇ ಶುರುಮಾಡಿದರು. ಆದರೆ ಮುಗಿಸಲಿಲ್ಲ. ಮೇಷ್ಟ್ರ ಶಿಷ್ಯರು ಮಾಲೂರಿನಲ್ಲೂ ಇದ್ದರು, ಅವರೆಲ್ಲರ ಕೈಯಲ್ಲೂ ಒಂದೊಂದು ಹಾರ. ಕೊನೆಗೆ ಲಾರಿ ಹೊರಟಾಗ ಸಂಜೆಯ ಬಸ್ಸಿನ ಹೊತ್ತಾಗಿತ್ತು. ಹಳ್ಳಿಗಳಿಂದ ಬರುವ ಮಕ್ಕಳು, ಆ ಬಸ್ಸು ತಪ್ಪಿದರೆ ಬೇರೆ ಇಲ್ಲ. ಅರ್ಧ ಸಭೆ ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದಿತು. ಅದನ್ನು ಕಂಡ ಮೇಷ್ಟ್ರು ಮಧ್ಯದ ಭಾಗವನ್ನೇ ಹಾರಿಸಿ ಕೊನೆಯನ್ನು ನುಡಿಸಿಬಿಟ್ಟರು. “ಪಾಪ, ಮಕ್ಕಳಿಗೆ ಬಸ್ಸಿತ್ತಲ್ಲೋ” ಅಂದರು ನನಗೆ. ಅವತ್ತು ಯಾರ ಮೇಲೆ ರೇಗಬೇಕೋ ಗೊತ್ತಾಗದೆ ಮೈಕಿನ ಸ್ಟ್ಯಾಂಡಿನ ಮೇಲೆ ರೇಗಿದೆ.

ಮುಳಬಾಗಿಲಿನಲ್ಲಿ ಸನ್ಮಾನ ಕೊನೆಗೆ, ನಡುವೆ ಭಾಷಣ ಕೂಡದು ಅಂತ ಖಡಾಖಂಡಿತ ಹೇಳಿದೆ. ಉಪನ್ಯಾಸಕರು ಒಪ್ಪಿಕೊಂಡರು. ಲಾರಿ ಹೊರಟಿತು. ಮೇಷ್ಟ್ರ ಎಡಗೈ ಮಧ್ಯೆ ಮಧ್ಯೆ ತಡವರಿಸಿದರೂ ಎಳೆಯುತ್ತಿತ್ತು. ಹುಡುಗರು ಕುತ್ತಿಗೆ ಮುಂದೆ ಚಾಚಿ ಕೂತಿದ್ದರು. ಆಗ ಮೈಕಿನಲ್ಲಿ ಗಂಭೀರವಾದ ದನಿ ಬಂತು: “ಈಗ ಲಾರಿಯು ಏರನ್ನು ಹತ್ತುತ್ತಿದೆ... ಚಾಲಕನ ಮನಸ್ಸಿನಲ್ಲಿ ಮನೆಯ ನೆನಪು...” ನಮ್ಮಲ್ಲಿ ಗಮಕಿಗಳು ಕಾವ್ಯ ಓದುವಾಗ ಪಕ್ಕದಲ್ಲಿ ಒಬ್ಬರು ಕೂತು ಅರ್ಥ ಹೇಳುತ್ತಾರಲ್ಲ, ಅದೇ ಕ್ರಮ. ಕೊನೆಯವರೆಗೂ ಬಿಡಲಿಲ್ಲ, ರೆಕಾರ್ಡಿಂಗಿನ ತುಂಬ ಉಪನ್ಯಾಸಕರದೇ ದನಿ. ಕಾರ್ಯಕ್ರಮ ಮುಗಿದ ಮೇಲೆ ಹಾರಾಡಿದೆ. “ಭಾಷಣ ಬೇಡ ಅಂದ್ರಿ, ನಾನು ಭಾಷಣ ಮಾಡಿಲ್ವಲ್ಲ. ಅದು ವ್ಯಾಖ್ಯಾನ. ಮಕ್ಕಳಿಗೆ ಅರ್ಥ ಆಗ್ಬೇಕಲ್ವಾ?” ಅಂದರು. ಅಳಿಯ ಅಲ್ಲ, ಮಗಳ ಗಂಡ. ಬೇಸಿನ ಗೆಳೆಯ ನನ್ನನ್ನು ಹೊರಗೆ ಎಳೆದುಕೊಂಡು ಹೋಗಿ, “ಸುಮ್ಕಿರೋ, ಬೈಯೋಕೆ ಹೋದ್ರೆ ನಿಂಗೂ ಒಂದು ಶಾಲು ಹಾಕ್ಬಿಡ್ತಾರೆ” ಅಂದ.

ಉಳಿದದ್ದು ಶ್ರೀನಿವಾಸಪುರ ಒಂದೇ. ಹೋಗುವ ದಾರಿಯಲ್ಲಿ ಮೇಷ್ಟ್ರು ಎಡಗೈಯನ್ನು ಬಲಗೈಯಿಂದ ಮುಚ್ಚಿ ಹಿಡಿದುಕೊಂಡೇ ಕೂತಿದ್ದರು. ಮುಳಬಾಗಿಲಿಗಿಂತ ನಡುಕ ಹೆಚ್ಚಾಗಿತ್ತು. ಇದೇ ಕೊನೆಯ ಅವಕಾಶ. ಕಾಲೇಜು ತಲುಪಿದ ಕೂಡಲೇ ನಾನು ಉಪನ್ಯಾಸಕರ ಕೈಯಿಂದ ಮೈಕು ಕಿತ್ತುಕೊಂಡು, ಪರದೆಯ ಪಕ್ಕದಲ್ಲಿ ಅವರನ್ನು ನಿಲ್ಲಿಸಿದೆ. “ನಾನು ಕರೆಯೋವರೆಗೂ ಇಲ್ಲಿಂದ ಒಂದು ಹೆಜ್ಜೆ ಈಚೆ ಇಡಬಾರದು ಸಾರ್. ಭೂಕಂಪ ಆದ್ರೂ ಇಡಬಾರದು.” ಅವರ ಮುಖ ಸಣ್ಣದಾಯಿತು. ಆದರೆ ಶಾಲು ಹಿಡಿದುಕೊಂಡು ಅಲ್ಲೇ ನಿಂತರು.

ಟೊಮೊಟೊ ಲಾರಿ ಅವತ್ತು ಹೊರಟ ಹಾಗೆ ಯಾವತ್ತೂ ಹೊರಟಿರಲಿಲ್ಲ. ನಿಧಾನ, ಭಾರ, ಆದರೆ ಎಲ್ಲೂ ಜಗ್ಗಲಿಲ್ಲ. ಸಭೆಯಲ್ಲಿ ಕೆಮ್ಮೂ ಇಲ್ಲ. ಮೇಷ್ಟ್ರು ಒಬ್ಬರೇ ನುಡಿಸುವ ಜಾಗ ಬಂತು, ನಾವು ಮೂವರೂ ನಿಲ್ಲಿಸಿದೆವು. ಏರು ಅರ್ಧ ಹತ್ತಿರಬೇಕು, ಎಡಗೈ ನಿಂತಿತು. ಬೆರಳುಗಳು ಕೀಬೋರ್ಡಿನ ಮೇಲೆ ಗಡಗಡ ಅಂದವು, ಒತ್ತಲಿಲ್ಲ. ಬಲಗೈ ಒಂದೆರಡು ಸ್ವರ ಒಂಟಿಯಾಗಿ ನುಡಿದು ಅದೂ ಸುಮ್ಮನಾಯಿತು. ಮೇಷ್ಟ್ರು ತಲೆ ಎತ್ತಿ ಮಕ್ಕಳ ಕಡೆ ನೋಡಿದರು. ಪಾಠದ ಮಧ್ಯೆ ಮಾತು ಮರೆತ ಮೇಷ್ಟ್ರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ತೆಲುಗಿನಲ್ಲಿ “ಇಂಕಾ ಸಾರ್, ಇಂಕಾ!” ಅಂದಳು. ಇನ್ನೂ ಬೇಕು ಅಂತ.

ನನ್ನ ಕೈಲಿ ನೋಡಲಾಗಲಿಲ್ಲ. ಪರದೆಯ ಕಡೆ ತಿರುಗಿ, ಪಿಸುದನಿಯಲ್ಲಿ “ಸಾರ್, ಶಾಲು! ಬೇಗ ಬನ್ನಿ!” ಅಂದೆ.

ಉಪನ್ಯಾಸಕರು ಓಡಿ ಬಂದರು. ಶಾಲು ಹೊದಿಸಿದರು, ಹಾರ ಹಾಕಿದರು, ಕಾಲಿಗೆ ಬಿದ್ದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸನ್ಮಾನಕ್ಕೆ ಸಂಗೀತ ನಿಲ್ಲುವುದು ನಮ್ಮ ಕಡೆ ಇದ್ದದ್ದೇ, ಆದ್ದರಿಂದ ಕೈ ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಮೂರು ಊರಿನಲ್ಲಿ ನಾನು ಶಪಿಸಿದ ಶಾಲು ಅವತ್ತು ಮೇಷ್ಟ್ರ ಮಾನ ಮುಚ್ಚಿತು. ಉಪನ್ಯಾಸಕರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಅವರು ಆಗಲೇ ಮೈಕು ಹಿಡಿದು ವಂದನಾರ್ಪಣೆ ಶುರುಮಾಡಿದ್ದರು.

ಮುಂದಿನ ವಾರ ರೆಕಾರ್ಡಿಂಗ್ ಕೇಳಿಸಲು ಮೇಷ್ಟ್ರ ಮನೆಗೆ ಹೋದೆ. ಬೇರೆ ಹಾಡುಗಳೆಲ್ಲ ಚೆನ್ನಾಗಿ ಬಂದಿದ್ದವು. ಟೊಮೊಟೊ ಲಾರಿಗೆ ನನ್ನದೊಂದು ಯೋಜನೆಯಿತ್ತು. ಶ್ರೀನಿವಾಸಪುರದ ಮೊದಲರ್ಧಕ್ಕೆ ಮಾಲೂರಿನ ಕೊನೆಯನ್ನು ಅಂಟಿಸಿದರೆ ಕಂಪ್ಯೂಟರಿನಲ್ಲಿ ಬೆಸುಗೆ ಕಾಣುವುದಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಕೈ ನಿಂತಿತು, ಹುಡುಗಿ ಕೂಗಿದಳು, ಆಮೇಲೆ ರೆಕಾರ್ಡಿಂಗಿಗೆ ಅಂತ ನನ್ನ ಮುಂದಿಟ್ಟಿದ್ದ ಮೈಕಿನಲ್ಲಿ ನನ್ನ ದನಿ ಸ್ಪಷ್ಟವಾಗಿ ಬಂತು: “ಸಾರ್, ಶಾಲು! ಬೇಗ ಬನ್ನಿ!”

ಮೇಷ್ಟ್ರು ಕಣ್ಣು ಬಿಟ್ಟರು. “ನೀನಾ ಕರ್ದಿದ್ದು?”

“ಹೂಂ ಸಾರ್.”

“ಅದನ್ನ ತೆಗ್ದುಬಿಡು. ಹುಡುಗಿ ಇಂಕಾ ಅಂದ್ಳಲ್ಲ, ಅಲ್ಲಿಗೆ ಸಾಕು.”

“ಮಾಲೂರಿಂದು ಅಂಟಿಸ್ತೀನಿ ಸಾರ್. ಪೂರ್ತಿ ಆಗತ್ತೆ. ನೀವು ಕೇಳಿದ್ದೇ ಪೂರ್ತಿ ಬೇಕು ಅಂತ.”

“ಮಾಲೂರಲ್ಲಿ ಬಸ್ಸಿಗೆ ಅಂತ ಓಡಿಸಿದ ಕೈ ಅದು. ಇದಕ್ಕೆ ಹಾಕಿದ್ರೆ ಸುಳ್ಳಾಗತ್ತೆ. ನಿಂತಿದ್ದು ನಿಂತ ಹಾಗೇ ಇರ್ಲಿ ಬಿಡೋ.”

ವಾದ ಮಾಡಿದೆ, ರೇಗಿದೆ, ಕಾಫಿ ಆರಿ ತಣ್ಣಗಾಯಿತು. ಅವರು ಜಗ್ಗಲಿಲ್ಲ. ಅವರು ಹೇಳಿದಂತೆಯೇ ಮಾಡಿದೆ. ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಲಾರಿ ಅರ್ಧ ಏರಿನಲ್ಲಿ ನಿಲ್ಲುತ್ತದೆ, ಹುಡುಗಿ ಕೂಗುತ್ತಾಳೆ, ಅಷ್ಟೇ. ಆಲ್ಬಂ ಹೊರಗೆ ಬಿಟ್ಟ ಮೇಲೆ ಮೆಸೇಜುಗಳು ಶುರುವಾದವು. ‘ಕೊನೇ ಹಾಡು ಅರ್ಧಕ್ಕೇ ಕಟ್ ಆಗ್ತಿದೆ, ನೋಡಿ.’ ‘ಫೈಲು ಸರಿಯಾಗಿ ಅಪ್‌ಲೋಡ್ ಆಗಿಲ್ಲ.’ ‘ಇನ್ನರ್ಧ ಎಲ್ಲಿ?’ ಉಪನ್ಯಾಸಕರೂ ಫೋನ್ ಮಾಡಿ, ಸನ್ಮಾನದ ಭಾಗ ಬಿಟ್ಟುಹೋಗಿದೆಯಲ್ಲ ಅಂತ ಬೇಸರಪಟ್ಟುಕೊಂಡರು. ಎಲ್ಲರಿಗೂ ಉತ್ತರ ಹೇಳಿ ಹೇಳಿ ತಲೆ ಚಿಟ್ಟು ಹಿಡಿಯಿತು. ಫೋನು ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋಗಿ ಅವರ ಮುಂದೆ ಹಿಡಿದೆ. “ನೋಡಿ ಸಾರ್, ದಿನಾ ಇದೇ ಗೋಳು. ಅವತ್ತೇ ಅಂಟಿಸ್ತೀನಿ ಅಂದ್ರೆ ಬೇಡ ಅಂದ್ರಿ.”

ಮೇಷ್ಟ್ರು ಬಲಗೈಯಲ್ಲಿ ಫೋನು ಹಿಡಿದು ಒಂದೊಂದನ್ನೇ ಓದಿದರು. ಎಡಗೈ ತೊಡೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಓದಿ ಮುಗಿಸಿದವರು ಮತ್ತೆ ಮೊದಲಿಂದ ಓದತೊಡಗಿದರು.

“ಗೋಳಲ್ಲ ಕಣೋ,” ಅಂದರು. “ಇಷ್ಟು ಜನ ಇಂಕಾ ಅಂತಿದ್ದಾರೆ.”